ಕುಳಿತಾಗಿನ ಅಳತೆ

ಆ ವರ್ಷ ಆಷಾಢದ ಗಾಳಿ ಏಳುವ ಹೊತ್ತಿಗೆ ನನ್ನ ತೂಕ ನೂರಾ ಮೂರು ಕಿಲೋ ಆಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ, ಮುಚ್ಚಿಡುವಷ್ಟು ಸಣ್ಣ ವಿಷಯವೂ ಅದಲ್ಲ. ಸೋಮನೂರಿನ ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿ ನೋಡಿ, ಸಕ್ಕರೆ ಮಿತಿಮೀರಿದೆ, ನಡೆದರೆ ನಿಮ್ಮ ಮಂಡಿ ತಡೆಯುವುದಿಲ್ಲ, ಸೈಕಲ್ ತುಳಿಯಿರಿ, ನಾಲ್ಕು ತಿಂಗಳಲ್ಲಿ ಇಳಿಯದಿದ್ದರೆ ಇನ್ಸುಲಿನ್ ಶುರುಮಾಡುತ್ತೇನೆ ಎಂದರು. ನನಗೆ ಸೈಕಲ್ ಬರುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲಿಗೆ ಹೋಗುವಾಗ ತುಳಿದಿದ್ದೆ. ಆದರೆ ಅದು ಬೇರೆಯೇ ಒಬ್ಬ ಹುಡುಗಿ. ಮದುವೆಯಾಗಿ ತಮಿಳುನಾಡಿನ ಈ ಮಗ್ಗದ ಮನೆಗೆ ಬಂದ ಮೇಲೆ ನಾನು ಹತ್ತಿದ್ದು ತಿರುಪ್ಪೂರಿನ ಬಸ್ಸನ್ನು ಮಾತ್ರ.

ಗಟ್ಟಿಮುಟ್ಟಾದ ಲೇಡೀಸ್ ಸೈಕಲ್ ಒಂದು ಮನೆಗೆ ಬಂತು. ಮೊದಲ ದಿನ ನಾನು ಹತ್ತುವುದನ್ನು ನೋಡಲು ಅತ್ತೆ ಬಾಗಿಲಿಗೆ ಬಂದು ನಿಂತರು. ಎಪ್ಪತ್ತು ದಾಟಿದ ಅವರು ಕಡ್ಡಿಯಷ್ಟು ತೆಳ್ಳಗೆ. ಮಾತು ಮಾತ್ರ ದಪ್ಪ.

"ಅಮ್ಮಣೀ, ಪಾಪ ಆ ವಂಡಿ. ಅದುಕ್ಕೂ ಸೊಲ್ಪ ಏನಾರ ತಿನ್ನಾಕ್ ಕೊಟ್ಟು ಏರು" ಎಂದರು. ವಂಡಿ ಎಂದರೆ ಸೈಕಲ್, ಈ ಮನೆಯ ಕನ್ನಡದಲ್ಲಿ ತಮಿಳು ಬೆರೆತಿರುತ್ತದೆ.

ಬೆಳಗ್ಗೆ ಐದೂವರೆಗೆ, ಬೀದಿಯವರು ಬಾಗಿಲು ತೆರೆಯುವ ಮುನ್ನ, ಸಾಮಳಾಪುರದ ಕೆರೆಯ ಕಡೆಗೆ ಹೊರಡುತ್ತಿದ್ದೆ. ಹೋಗುವಾಗ ಪಡುವಣ ಗಾಳಿ ಬೆನ್ನಿಗೆ ಬಿದ್ದು ತಳ್ಳುತ್ತಿತ್ತು. ಬರುವಾಗ ಅದೇ ಗಾಳಿ ಎದೆಗೆ ಕೈ ಇಟ್ಟು ನಿಲ್ಲಿಸುತ್ತಿತ್ತು. ನಾಲ್ಕನೇ ದಿನ ಹಿಂದಿನ ಚಕ್ರದ ಎರಡು ಕಡ್ಡಿ ಟಣ್ ಎಂದು ಮುರಿದವು. ಸೈಕಲ್ ಅಂಗಡಿಯವರು ನನ್ನನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ದಪ್ಪ ಕಡ್ಡಿಗಳ ಚಕ್ರ ಹಾಕಿಕೊಟ್ಟರು. ಆ ಮೌನಕ್ಕೆ ನಾನು ಇಂದಿಗೂ ಋಣಿ. ಸೈಕಲ್ಲೇನೋ ಸರಿಹೋಯಿತು, ಸರಿಹೋಗದ್ದು ತೊಡೆ. ಚೂಡಿದಾರದ ಪ್ಯಾಂಟಿನ ಒಳಹೊಲಿಗೆ ಸೀಟಿಗೂ ತೊಡೆಗೂ ನಡುವೆ ಸಿಕ್ಕಿ ಉಜ್ಜಿ ಉಜ್ಜಿ ಚರ್ಮ ಕಿತ್ತುಬಂತು. ಲೆಗ್ಗಿಂಗ್ಸ್ ಹಾಕಿ ನೋಡಿದೆ, ಅದು ಮೇಲಕ್ಕೆ ಸುರುಟಿಕೊಂಡು ಇನ್ನೂ ಕೆಟ್ಟದಾಗಿ ಕಡಿಯಿತು. ಅತ್ತೆ ಕಾಂಗೇಯದ ಕೊಬ್ಬರಿ ಎಣ್ಣೆ ತಂದು ಕೈಗಿಟ್ಟರು. ಎಣ್ಣೆಗೆ ಬಟ್ಟೆ ಜಾರಿತೇ ಹೊರತು ನೋವು ಜಾರಲಿಲ್ಲ. ಹದಿನೆಂಟನೇ ದಿನ ಸೈಕಲ್ಲನ್ನು ಮಗ್ಗದ ಶೆಡ್ಡಿನ ಗೋಡೆಗೆ ಒರಗಿಸಿ, ಇನ್ನು ನನ್ನಿಂದಾಗದು ಎಂದುಕೊಂಡೆ.

ಅದೇ ವಾರ ಕಂಪನಿಗೆ ಹೊಸ ಸ್ಟೈಲ್, ಅಂದರೆ ಹೊಸ ಮಾದರಿಯ ಆರ್ಡರ್ ಬಂತು. ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಪ್ಯಾಟರ್ನ್ ಮಾಸ್ಟರ್. ಬಟ್ಟೆಗೆ ಕತ್ತರಿ ಬೀಳುವ ಮುಂಚೆ ಅದರ ಆಕಾರವನ್ನು ದಪ್ಪ ಕಾಗದದ ಮೇಲೆ ಬರೆದು ಕೊಡುವುದು ನನ್ನ ಕೆಲಸ. ಬಂದ ಸ್ಟೈಲ್ ಹೆಂಗಸರ ಸೈಕಲ್ ಚಡ್ಡಿ, ಸಣ್ಣ ಸೈಜಿನಿಂದ ಫೋರ್ ಎಕ್ಸೆಲ್‌ವರೆಗೆ. ದೇವರಿಗೂ ತಮಾಷೆ ಮಾಡುವ ಆಸೆ ಇರುತ್ತದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮೊದಲು ಎಮ್ ಸೈಜಿಗೆ ಪ್ಯಾಟರ್ನ್ ಮಾಡುತ್ತೇವೆ. ಉಳಿದ ಸೈಜುಗಳಿಗೆ ಅದರ ಮೇಲೆ ಇಂತಿಷ್ಟು ಎಂದು ಕೂಡಿಸುತ್ತಾ ಹೋಗುತ್ತೇವೆ. ಒಂದೊಂದು ಸೈಜಿಗೆ ಸೊಂಟಕ್ಕೆ ಐದು ಸೆಂಟಿಮೀಟರ್, ತೊಡೆಗೆ ಮೂರು, ಎತ್ತರಕ್ಕೆ ಒಂದು. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಹೊಲಿದದ್ದನ್ನು ಹಾಕಿ ನೋಡಲು ಬಟ್ಟೆಯ ಬೊಂಬೆಯೊಂದಿದೆ. ನಮ್ಮ ಬೊಂಬೆ ಎಕ್ಸೆಲ್‌ಗಿಂತ ದೊಡ್ಡದಲ್ಲ. ಅದಕ್ಕಿಂತ ದೊಡ್ಡ ಸೈಜು ಬಂದರೆ ಬನಿಯನ್ ವೇಸ್ಟ್ ಬಟ್ಟೆಯನ್ನು ಅದರ ಸುತ್ತ ಸಮವಾಗಿ ಸುತ್ತಿ ದಪ್ಪ ಮಾಡುತ್ತೇವೆ. ಹಾಗೆ ಸುತ್ತಿದ ಬೊಂಬೆಗೆ ನನ್ನ ಮೊದಲ ಸ್ಯಾಂಪಲ್ ಚೊಕ್ಕವಾಗಿ ಕೂತಿತು. ತ್ರೀ ಎಕ್ಸೆಲ್ ಸ್ಯಾಂಪಲ್ ವಿಮಾನ ಹತ್ತಿ, ಆರ್ಡರ್ ಕೊಟ್ಟ ಹೊರದೇಶದ ಬೈಯರ್ ಹತ್ತಿರ ಹೋಯಿತು.

ಎಂಟು ದಿನಕ್ಕೆ ಉತ್ತರ ಬಂತು. ಬೈಯರ್ ಜೊತೆ ಪತ್ರವ್ಯವಹಾರ ನೋಡಿಕೊಳ್ಳುವ ಮರ್ಚಂಡೈಸರ್ ಹುಡುಗಿ ಅದನ್ನು ತಮಿಳಿನಲ್ಲಿ ಓದಿ ಹೇಳಿದಳು. ಹಿಂದುಗಡೆ ಸೊಂಟದ ಪಟ್ಟಿ ಕೆಳಕ್ಕೆ ಜಾರುತ್ತದೆ, ಮುಂದೆ ಬಟ್ಟೆ ಮುದ್ದೆಯಾಗುತ್ತದೆ, ಕಾಲಿನ ಅಂಚು ಮೇಲಕ್ಕೆ ಸುರುಟುತ್ತದೆ. ನಾನು ಎಲ್ಲ ಕಡೆಗೂ ಎರಡೆರಡು ಸೆಂಟಿಮೀಟರ್ ಕೂಡಿಸಿ ಎರಡನೇ ಸ್ಯಾಂಪಲ್ ಕಳಿಸಿದೆ. ಅದೂ ತಿರುಗಿಬಂತು, ಈ ಸಲ ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು.

"ಅಕ್ಕಾ, ಮೂರನೇದೂ ಸರಿಬರಲಿಲ್ಲ ಅಂದರೆ ದೊಡ್ಡ ಸೈಜುಗಳನ್ನು ಕೈಬಿಡ್ತಾರಂತೆ" ಎಂದಳು ಹುಡುಗಿ. "ಎಕ್ಸೆಲ್‌ವರೆಗೆ ಮಾತ್ರ ಸಾಕಂತೆ. ನಮಗೇನೂ ನಷ್ಟ ಇಲ್ಲ ಅಕ್ಕಾ. ಚಿಕ್ಕ ಸೈಜುಗಳದ್ದು ಪಾಸಾಗಿದೆ."

ಅವಳು ಸಮಾಧಾನ ಹೇಳಲೆಂದೇ ಹಾಗೆ ಅಂದದ್ದು. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಯಾವುದೋ ದೇಶದಲ್ಲಿ ನನ್ನಂಥವಳೊಬ್ಬಳು ಅಂಗಡಿಗೆ ಹೋಗಿ, ನಿಮ್ಮ ಸೈಜಿಲ್ಲ ಎನ್ನಿಸಿಕೊಂಡು, ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾಳೆ. ಅದಕ್ಕೆ ಕಾರಣ ಅವಳ ಮೈಯಲ್ಲ, ನನ್ನ ಕೈ.

ತಿರುಗಿಬಂದ ಸ್ಯಾಂಪಲ್ಲನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ಮರುದಿನ ಬೆಳಗ್ಗೆ ಅದನ್ನು ತೊಟ್ಟು, ಮೇಲೊಂದು ಉದ್ದನೆಯ ಕುರ್ತಾ ಹಾಕಿ, ಸೈಕಲ್ ತೆಗೆದೆ. ಕೆರೆ ಮುಟ್ಟುವುದರೊಳಗೆ ಬೈಯರ್ ಬರೆದ ಮೂರೂ ದೂರುಗಳು ನನ್ನ ಮೈಮೇಲೆ ನಡೆದುಹೋದವು. ಬಾಗಿದೊಡನೆ ಹಿಂದಿನ ಪಟ್ಟಿ ಜಾರಿತು. ಹೊಟ್ಟೆಯ ಕೆಳಗೆ ಬಟ್ಟೆ ಗಂಟಾಯಿತು. ಹತ್ತು ಸಲ ತುಳಿಯುವಷ್ಟರಲ್ಲಿ ಕಾಲು ಸುರುಟಿತು. ಏರಿಯ ಮೇಲೆ ಸೈಕಲ್ ನಿಲ್ಲಿಸಿ ಒಬ್ಬಳೇ ನಕ್ಕೆ, ಆಮೇಲೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ದೊಡ್ಡ ಸೈಜಿನ ಪ್ಯಾಟರ್ನ್ ಬರೆಯುತ್ತಿದ್ದೇನೆ, ನಾನೇ ದೊಡ್ಡ ಸೈಜಿನವಳು. ಒಂದು ದಿನವಾದರೂ ಟೇಪನ್ನು ನನ್ನ ಸೊಂಟಕ್ಕೆ ಸುತ್ತಿರಲಿಲ್ಲ. ದರ್ಜಿಯ ಮೈಮೇಲೆ ಹರಕು ಬಟ್ಟೆ ಎನ್ನುತ್ತಾರಲ್ಲ, ನನ್ನದು ಅದಕ್ಕಿಂತ ಕಡೆ. ನಾನು ಬೇಕೆಂದೇ ಅಳೆದಿರಲಿಲ್ಲ. ಸಂಖ್ಯೆ ಕೇಳಲು ಭಯವಿತ್ತು.

ಇನ್ನೊಂದು ಸಂಗತಿಯೂ ಅಲ್ಲೇ ಹೊಳೆಯಿತು. ನಾವು ಅಳೆಯುವುದು ನಿಂತವರನ್ನು, ನಮ್ಮ ಬೊಂಬೆಯೂ ನಿಂತೇ ಇರುತ್ತದೆ. ನಿಂತುಕೊಂಡು ಯಾರು ಸೈಕಲ್ ತುಳಿಯುತ್ತಾರೆ?

ಭಾನುವಾರ ಮಗ್ಗಗಳಿಗೆ ರಜೆ. ಶೆಡ್ಡಿನಲ್ಲಿ ಸದ್ದಿರಲಿಲ್ಲ. ಎರಡು ಮಗ್ಗಗಳ ನಡುವೆ ಸೈಕಲ್ ನಿಲ್ಲಿಸಿ, ಯಜಮಾನರಿಗೆ ಹ್ಯಾಂಡಲ್ ಹಿಡಿದುಕೊಳ್ಳಿ ಎಂದೆ. ಅವರು ಎದುರು ನಿಂತು ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದರು. ನಾನು ಹತ್ತಿ ಕೂತು, ತುಳಿಯುವವಳಂತೆ ಬಾಗಿದೆ. ಆಗ ಗೊತ್ತಾಯಿತು, ಹೀಗೆ ಕೂತವಳಿಗೆ ತನ್ನ ಅಳತೆ ತಾನೇ ತೆಗೆಯಲು ಆಗುವುದಿಲ್ಲ. ಅತ್ತೆಯನ್ನು ಕೂಗಿದೆ.

ಅತ್ತೆಗೆ ಟೇಪಿನ ಅಂಕಿ ಕಾಣಿಸುವುದಿಲ್ಲ. "ಅದ್ ಏನುಕ್ಕೆ? ನೂಲಿಲ್ವಾ?" ಎಂದು ಮಗ್ಗದ ಪಕ್ಕದ ಬುಟ್ಟಿಯಿಂದ ಕೆಂಪು ನೂಲಿನ ಉಂಡೆ ತೆಗೆದುಕೊಂಡರು. ಬೆನ್ನ ಹಿಂದೆ ಸೊಂಟದಿಂದ ಸೀಟಿನವರೆಗೆ ನೂಲು ಹಿಡಿದು ಕತ್ತರಿಸಿ ಒಂದು ಗಂಟು ಹಾಕಿದರು. ಮುಂದಿನದಕ್ಕೆ ಎರಡು ಗಂಟು. ತೊಡೆಯ ಸುತ್ತಳತೆಗೆ ಮೂರು. ಯಾವ ನೂಲು ಎಲ್ಲಿಯದು ಎಂದು ತಪ್ಪದಿರಲು ಅವರ ಲೆಕ್ಕ ಅದು. ಆಮೇಲೆ ನನ್ನನ್ನು ಇಳಿಸಿ, ನಿಲ್ಲಿಸಿ, ಅದೇ ಮೂರನ್ನು ಬಿಳಿ ನೂಲಿನಲ್ಲಿ ತೆಗೆದರು.

ತೊಡೆಗೆ ನೂಲು ಸುತ್ತುವಾಗ ಉಜ್ಜಿ ಕಪ್ಪಾದ ಗಾಯ ಅವರ ಕಣ್ಣಿಗೆ ಬಿತ್ತು. ಕೈ ನಿಂತಿತು.

"ಇಷ್ಟ್ ನೋವ್ ಇಟ್ಕೊಂಡಾ ದಿನಾ ಓಗ್ತಿದ್ದೆ? ಸೊಲ್ಪ ಎಣ್ಣೆ ಕೊಟ್ಟು ಕಿಂಡಲ್ ಮಾಡ್ತಾ ಕೂತಿದ್ನಲ್ಲ ನಾನು."

"ನಿಮ್ಮ ಕಿಂಡಲ್ ಇಲ್ಲದಿದ್ದರೆ ಮೊದಲ ದಿನವೇ ಬಿಡುತ್ತಿದ್ದೆ ಅತ್ತೆ."

"ನೀ ಈ ಮನೆಗೆ ಬಂದಾಗ ಈ ನೂಲಂಗೆ ಇದ್ದೆ ಅಮ್ಮಣೀ. ನಾನೇ ಅಲ್ವಾ, ಇನ್ನೊಂದ್ ದೋಸೆ ಇನ್ನೊಂದ್ ದೋಸೆ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿ, ಮಗನ ಕಡೆ ತಿರುಗಿದರು. "ನೀ ಏನ್ ನಗ್ತಿಯಾ? ವಂಡಿ ಗಟ್ಟಿಯಾಗಿ ಪುಡಿ!"

ಯಜಮಾನರು ಗಟ್ಟಿಯಾಗಿ ಹಿಡಿದರು. ನನಗೆ ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ. ಉಸಿರು ಕಟ್ಟುತ್ತೆ ಬಿಡು ಎಂದು ಬೈದರು.

ನೂಲುಗಳನ್ನು ಟೇಪಿನ ಪಕ್ಕ ಇಟ್ಟು ನೋಡಿದೆ. ಕುಳಿತಾಗ ಹಿಂದೆ ಎಂಟು ಸೆಂಟಿಮೀಟರ್ ಹೆಚ್ಚು, ಮುಂದೆ ಆರು ಕಡಿಮೆ. ತೊಡೆ ಸೀಟಿನ ಮೇಲೆ ಹರಡಿ ಐದು ಹೆಚ್ಚು. ನನ್ನ ಗ್ರೇಡಿಂಗ್ ಪಟ್ಟಿ ಹಿಂದಕ್ಕೂ ಮುಂದಕ್ಕೂ ಸಮವಾಗಿ ಕೂಡಿಸುತ್ತಿತ್ತು. ಮೈ ಎಲ್ಲಾದರೂ ಸಮವಾಗಿ ಬೆಳೆಯುತ್ತದೆಯೇ? ವೇಸ್ಟ್ ಬಟ್ಟೆ ಸುತ್ತಿದ ಬೊಂಬೆ ಮಾತ್ರ ಹಾಗೆ ಬೆಳೆಯುತ್ತದೆ.

ಸೋಮವಾರ ಸ್ಯಾಂಪಲ್ ರೂಮಿನಲ್ಲಿ ಟೈಲರ್ ಅಣ್ಣನ ಎದುರು ನನ್ನ ಹೊಸ ಕಾಗದ ಹರಡಿದೆ. ಅವರೂ ನಮ್ಮ ಹಾಗೆ ಮನೆಯಲ್ಲಿ ಕನ್ನಡದವರೇ, ನನಗಿಂತ ಹತ್ತು ವರ್ಷ ಹಿರಿಯರು. ರೂಮಿನ ಮಾತೆಲ್ಲ ತಮಿಳಿನಲ್ಲಿ ನಡೆಯುತ್ತದೆ. ಬೇರೆಯವರಿಗೆ ತಿಳಿಯಬಾರದ್ದೇನಾದರೂ ಇದ್ದರೆ ನಾವಿಬ್ಬರು ಕನ್ನಡಕ್ಕೆ ಇಳಿಯುತ್ತೇವೆ.

ಅಣ್ಣ ಕಾಗದವನ್ನು ತಿರುವಿ ತಿರುವಿ ನೋಡಿದರು. "ಏನಮ್ಮಣೀ ಇದು, ಹಿಂದ್ ಒಂದ್ ಊರು, ಮುಂದ್ ಒಂದ್ ಊರು? ಎಮ್ ಇಂದ ತಾನೇ ಏರ್ಬೇಕು? ಮೊದ್ಲಿಂದ ಅಂಗೇ ಅಲ್ವಾ?"

"ಸಣ್ಣ ಸೈಜುಗಳಿಗೆ ಎಮ್ ಇರಲಿ ಅಣ್ಣಾ. ದೊಡ್ಡ ಸೈಜುಗಳಿಗೆ ಇದೇ ಬುನಾದಿ. ತ್ರೀ ಎಕ್ಸೆಲ್ ಮೊದಲು ಬರೆಯೋಣ. ಟೂಗೆ ಇಳಿಸೋಣ, ಫೋರ್‌ಗೆ ಏರಿಸೋಣ."

"ಯಾರ್ ಅಳತೆ ಇದು?"

ಬಾಯಿ ಬಿಟ್ಟು ಹೇಳಲಾಗಲಿಲ್ಲ. ಅಳತೆಗಳನ್ನು ಚಿಕ್ಕ ಚೀಟಿಯಲ್ಲಿ ಬರೆದು ತಂದಿದ್ದೆ, ಅದನ್ನು ಮಡಚಿ ಅವರ ಮುಂದೆ ತಳ್ಳಿದೆ. ಅವರು ಓದಿದರು, ನನ್ನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. ಆಮೇಲೆ ದನಿ ತಗ್ಗಿಸಿ, "ಎಲ್ರಿಗೂ ಗೊತ್ತಾಗ್ಬೇಕಾ?" ಎಂದು ಕೇಳಿದರು. ಬೇಡ ಎಂದೆ. ಚೀಟಿಯನ್ನು ಅವರು ಜೇಬಿಗಿಟ್ಟುಕೊಂಡರು. ಮುಂದೆ ನಾಲ್ಕು ದಿನ ಆ ಚೀಟಿ ಅವರ ಜೇಬು ಬಿಟ್ಟು ಬರಲಿಲ್ಲ.

ತೊಡೆಯ ಒಳಹೊಲಿಗೆಯ ಜಾಗ ಬದಲಿಸುವುದೇ ದೊಡ್ಡ ಕೆಲಸವಾಯಿತು. ಎರಡು ಕಾಲುಗಳು ಕೂಡುವಲ್ಲಿ ಒಂದೇ ಹೊಲಿಗೆ ಬರುವ ಬದಲು, ನಡುವೆ ಅಗಲವಾದ ಒಂದು ತುಂಡು ಕೂಡಿಸಿ ಅದನ್ನು ಎರಡೂ ತೊಡೆಗಳ ಮೇಲೆ ಅರ್ಧದವರೆಗೆ ಇಳಿಸಿದೆ. ಹೊಲಿಗೆ ಸೀಟು ತಾಗದ ಕಡೆಗೆ ಸರಿಯಿತು. ಹೊಟ್ಟೆಯ ಮುಂದೆ ಎಲಾಸ್ಟಿಕ್ ತೆಗೆದು ಬಟ್ಟೆಯದೇ ಅಗಲ ಪಟ್ಟಿ ಇಟ್ಟೆ. ಅಣ್ಣ ಹೊಲಿದು ಕೊಟ್ಟರು. ಮರುದಿನ ಬೆಳಗ್ಗೆ ತೊಟ್ಟು ಹೊರಟರೆ ಎರಡನೇ ಕಿಲೋಮೀಟರಿಗೆ ಉರಿ ಶುರು. ಅಷ್ಟು ಮಾಡಿದ ಮೇಲೂ! ಗಾಳಿಗೆ ಎದುರಾಗಿ ಸೈಕಲ್ ತಳ್ಳಿಕೊಂಡು ಬರುವಾಗ ಅಳು ಬಂತು. ಮನೆಗೆ ಬಂದು ಚಡ್ಡಿಯನ್ನು ಒಳಹೊರಗು ಮಾಡಿ ನೋಡಿದೆ. ಆಕಾರ ಸರಿಯಾಗಿತ್ತು, ಹೊಲಿಗೆ ತಪ್ಪಾಗಿತ್ತು. ಎರಡು ಅಂಚುಗಳನ್ನು ಒತ್ತೊತ್ತಾಗಿ ಚಪ್ಪಟೆಯಾಗಿ ಹೊಲಿಯುವ ಫ್ಲ್ಯಾಟ್‌ಲಾಕ್ ಮೆಷಿನ್ ಅಂದು ಪ್ರೊಡಕ್ಷನ್ನಿನಲ್ಲಿ ಓಡುತ್ತಿದ್ದರಿಂದ ಅಣ್ಣ ಓವರ್‌ಲಾಕಿನಲ್ಲಿ ಮುಗಿಸಿದ್ದರು. ಒಳಗೆ ದಾರದ ಏಣು ಎದ್ದಿತ್ತು.

ಕಂಪನಿಗೆ ಹೋದವಳೇ ಅಣ್ಣನ ಮುಂದೆ ನಿಂತೆ. ಚಡ್ಡಿಯನ್ನು ಅವರ ಕೈಗೆ ಕೊಟ್ಟು, ಏಣಿನ ಮೇಲೆ ಬೆರಳಾಡಿಸಿ ನೋಡಿ ಎಂದೆ. ಅಣ್ಣನ ಮುಖ ಬಾಡಿತು. ಊಟಕ್ಕೂ ಹೋಗದೆ ಪ್ರೊಡಕ್ಷನ್ನಿನವರ ಊಟದ ಹೊತ್ತಿನಲ್ಲಿ ಅವರ ಮೆಷಿನ್ ಹಿಡಿದು ಪೂರ್ತಿ ಬಿಚ್ಚಿ ಹೊಲಿದರು. ಮರುದಿನ ನಾನು ಕೆರೆಯನ್ನೂ ದಾಟಿ ಹೋದೆ. ಒಟ್ಟು ಹದಿನಾಲ್ಕು ಕಿಲೋಮೀಟರ್. ಮನೆಗೆ ಬಂದು ಇಳಿದ ಮೇಲೆಯೇ, ಚಡ್ಡಿಯ ಯೋಚನೆ ದಾರಿಯಲ್ಲಿ ಒಮ್ಮೆಯೂ ಬರಲಿಲ್ಲ ಎಂದು ತಿಳಿದದ್ದು. ಬಟ್ಟೆ ಮರೆತುಹೋಗುವಂತಿರಬೇಕು. ಅಷ್ಟು ಸಂತೋಷ ನನಗೆ ಆ ಕಸುಬಿನಲ್ಲಿ ಅದುವರೆಗೂ ಆಗಿರಲಿಲ್ಲ.

ಕಳಿಸುವ ಹೊತ್ತಿಗೆ ಇನ್ನೊಂದು ತೊಡಕು. ಈ ಸಲ ಬೊಂಬೆಯ ಫೋಟೋ ಬೇಡ, ತೊಟ್ಟು ಸೈಕಲ್ ಓಡಿಸುವ ವಿಡಿಯೋ ಬೇಕು ಎಂದಿದ್ದರು ಬೈಯರ್. ಹುಡುಗಿ ಕೊಯಮತ್ತೂರಿನ ಮಾಡೆಲ್‌ಗಳಿಗೆಲ್ಲ ಫೋನ್ ಮಾಡಿ ಸೋತಳು. ಆ ಸೈಜಿನವರು ಅವರಲ್ಲಿ ಯಾರೂ ಇರಲಿಲ್ಲ. ಅಣ್ಣ ತಲೆ ಎತ್ತಲಿಲ್ಲ. ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು, ನನ್ನ ಗುಟ್ಟು ಹಾರಿಹೋಗುತ್ತದೇನೋ ಎಂಬಂತೆ. ಅವರ ಆ ಕೈ ನೋಡಿಯೇ ನಾನು ಎದ್ದೆ.

"ಅಳತೆ ನನ್ನದೇ" ಎಂದೆ ಹುಡುಗಿಗೆ, ತಮಿಳಿನಲ್ಲಿ, ರೂಮಿಗೆಲ್ಲ ಕೇಳುವಂತೆ. "ಸೈಕಲ್ಲೂ ನಾನೇ ತುಳಿಯುತ್ತೇನೆ."

ವಾಚ್‌ಮನ್ನನ ಸೈಕಲ್ ತರಿಸಿದರು. ಕಂಪನಿಯ ಅಂಗಳದಲ್ಲಿ ಆಗ ಟೀ ಹೊತ್ತು. ನೂರಾರು ಜನ ಲೋಟ ಹಿಡಿದು ನಿಂತಿದ್ದರು. ಕುರ್ತಾ ಬಿಚ್ಚಿ ಬರೀ ಟೀಶರ್ಟು, ಚಡ್ಡಿಯಲ್ಲಿ ಬಿಸಿಲಿಗೆ ಬಂದೆ. ಯಾರೋ ಸಿಳ್ಳೆ ಹಾಕಿದರು. ಯಾರೋ ಅವರನ್ನು ಗದರಿಸಿದರು. ಮುಖ ಬರದಂತೆ ತೆಗೆಯುತ್ತೇನೆ ಅಕ್ಕಾ ಎಂದಳು ಹುಡುಗಿ.

"ತಲೆ ಬೇಕಾದರೆ ಕತ್ತರಿಸು, ಸೊಂಟ ಕತ್ತರಿಸಬೇಡ. ಅವರು ನೋಡಬೇಕಾದದ್ದು ಅದನ್ನೇ."

ಆರು ಸುತ್ತು ಹೊಡೆದೆ. ಎರಡನೇ ಸುತ್ತಿನಲ್ಲಿ ನಗುವವರು ಯಾರೆಂದು ಕಾಣುತ್ತಿತ್ತು. ನಾಲ್ಕನೆಯದರಲ್ಲಿ ನನಗೆ ಕಂಡದ್ದು ಅಂಗಳದ ಗುಂಡಿಗಳು ಮಾತ್ರ. ಕೊನೆಯಲ್ಲಿ ಇಳಿದಾಗ ಗೇಟಿನ ಹತ್ತಿರ ಚೆಕಿಂಗ್ ಸೆಕ್ಷನ್ನಿನ ಒಬ್ಬ ಹೆಂಗಸು ನಿಂತಿದ್ದಳು. ನನ್ನಷ್ಟೇ ಮೈ, ಸೀರೆಯ ಮೇಲೆ ಗಂಡಸರ ದೊಗಲೆ ಶರ್ಟು. ಅವಳ ಟೀ ಲೋಟ ತುಂಬಿದಂತೆಯೇ ಇತ್ತು.

ಒಂಬತ್ತನೇ ದಿನ ಉತ್ತರ ಬಂತು. ಹುಡುಗಿ ಓಡಿಬಂದು ಓದಿದಳು. ಫಿಟ್ ಒಪ್ಪಿಗೆಯಾಗಿದೆ, ದೊಡ್ಡ ಸೈಜುಗಳು ಆರ್ಡರಿನಲ್ಲಿ ಉಳಿಯುತ್ತವೆ. ಅಣ್ಣ ಎದ್ದು ನಿಂತು ನನಗೆ ಕೈ ಮುಗಿದರು, ನಾನು ಅವರಿಗೆ ಮುಗಿದೆ. ಆದರೆ ಕೆಳಗೊಂದು ಸಾಲಿತ್ತು. ಬಟ್ಟೆ ಕತ್ತರಿಸುವ ಮುನ್ನದ ಕೊನೆಯ ಸ್ಯಾಂಪಲ್ಲನ್ನೂ ಇದೇ ಅಳತೆಯ ಮೈಮೇಲೆ ನೋಡಬೇಕು, ಅಲ್ಲಿಯವರೆಗೆ ಅಳತೆ ಬದಲಾಗಬಾರದು.

ಅಂದಿನಿಂದ ಶುರುವಾಯಿತು ನನ್ನ ಸೇವೆ. ಅಣ್ಣ ಸಂಜೆ ಸಂಜೆ ಬಜ್ಜಿ ತಂದಿಡುವರು. ಹುಡುಗಿ ಊಟದ ಡಬ್ಬಿಯಲ್ಲಿ ನನಗೂ ಒಂದು ಪಾಲು ತರುವಳು. ನಾನು ಬಜ್ಜಿಯನ್ನು ಪಕ್ಕದವರಿಗೆ ದಾಟಿಸಿ, ಬೆಳಗ್ಗೆ ಎದ್ದು ಸೈಕಲ್ ತುಳಿದೆ, ಕತ್ತಲೆ ಹರಿದ ಮೇಲೆ, ಬೀದಿಯವರ ಎದುರಿಗೇ. ಬಟ್ಟೆ ಬಣ್ಣವಾಗಿ ಬರುವುದು ತಡವಾಗಿ ಎರಡು ತಿಂಗಳು ಕಳೆಯಿತು. ಡಾಕ್ಟರಮ್ಮ ಹೊಸ ಚೀಟಿ ನೋಡಿ, ಇನ್ಸುಲಿನ್ ಮಾತು ಸದ್ಯಕ್ಕೆ ಬೇಡ, ಹೀಗೇ ನಡೆಸಿ ಎಂದರು. ಕಣ್ಣಲ್ಲಿ ನೀರು ಬಂತು. ಮರುದಿನ ಕೊನೆಯ ಸ್ಯಾಂಪಲ್ಲಿಗೆಂದು ಟೇಪ್ ಸುತ್ತಿದರೆ ಸೊಂಟ ನಾಲ್ಕು ಸೆಂಟಿಮೀಟರ್ ಇಳಿದಿತ್ತು, ತೊಡೆ ಎರಡು.

ಹುಡುಗಿ ತಲೆಗೆ ಕೈ ಹೊತ್ತಳು. "ಅಕ್ಕಾ, ಒಂದು ತಿಂಗಳು ಸೈಕಲ್ ಬಿಡಿ. ನಿಮಗೆ ಪುಣ್ಯ ಬರುತ್ತೆ. ಸೈಜು ಮತ್ತೆ ಬಂದುಬಿಡುತ್ತೆ."

"ಚಡ್ಡಿ ಮಾಡಿದ್ದು ಸೈಕಲ್ ತುಳಿಯಲಿ ಎಂದು" ಎಂದೆ. ದನಿ ಏರಿತು. "ಚಡ್ಡಿಗೋಸ್ಕರ ಸೈಕಲ್ ಬಿಟ್ಟರೆ ನಾನು ಇಷ್ಟು ದಿನ ಮಾಡಿದ್ದೇನು? ಬಿಡುವುದಿಲ್ಲ. ಆರ್ಡರ್ ಹೋದರೆ ಹೋಗಲಿ."

ಹೋಗಲಿ ಎಂದೆನೇ ಹೊರತು ಹೋಗಬಾರದೆಂದೇ ಆಸೆಯಿತ್ತು. ಆಗ ಬಾಗಿಲಲ್ಲಿ ಬಟ್ಟೆಯ ಕಟ್ಟು ಇಳಿಸುವ ಸದ್ದಾಯಿತು. ಚೆಕಿಂಗಿನ ಆ ಹೆಂಗಸು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಕ್ಕಾ, ನನ್ನ ಅಳತೆ ಸರಿಹೋಗುತ್ತಾ ನೋಡ್ತೀರಾ?" ಎಂದಳು ತಮಿಳಿನಲ್ಲಿ.

"ಸೈಕಲ್ ಮೇಲೆ ಕೂರಬೇಕಮ್ಮಾ. ಬರುತ್ತಾ?"

"ಬರಲ್ಲ. ಕೂರೋಕೇನು, ಯಾರಾದ್ರೂ ಹಿಡ್ಕೊಂಡ್ರೆ ಕೂರ್ತೀನಿ. ಆಮೇಲೆ ನೀವೇ ಕಲಿಸಿಕೊಡಿ."

ಗಂಡಸರನ್ನೆಲ್ಲ ಹೊರಗೆ ಕಳಿಸಿದೆವು; ಅಳತೆ ಬರೆದುಕೊಳ್ಳಲು ಅಣ್ಣ ಪುಸ್ತಕ ಹಿಡಿದು ಬಾಗಿಲಾಚೆ ನಿಂತರು. ವಾಚ್‌ಮನ್ನನ ಸೈಕಲ್ ಒಳಗೆ ಬಂತು, ಹುಡುಗಿ ಹ್ಯಾಂಡಲ್ ಹಿಡಿದಳು. ಹೆಂಗಸು ದೊಗಲೆ ಶರ್ಟನ್ನು ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟು, ಸೀರೆಯ ಬದಲು ಚಡ್ಡಿ ತೊಟ್ಟು, ಸೀಟಿನ ಮೇಲೆ ಏರಿ ಬಾಗಿದಳು. ಅಳತೆ ಕೂಗಿ ಹೇಳುವುದು, ಪಕ್ಕದವರು ಬರೆದುಕೊಳ್ಳುವುದು ನಮ್ಮ ರೂಢಿ. ನಾನು ಅವಳ ಸೊಂಟಕ್ಕೆ ಟೇಪ್ ಸುತ್ತಿದೆ, ಅಂಕಿ ನೋಡಿದೆ. ಬೇಕಾದದ್ದು ಬೇಕಾದಷ್ಟೇ ಇತ್ತು. ಬಾಗಿಲಾಚೆ ಜನವಿದ್ದಾರೆಂದು ನೆನಪಾಗಿ, ಹುಡುಗಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದೆ.

ಸೀಟಿನ ಮೇಲಿದ್ದ ಹೆಂಗಸು ಬಾಗಿದಲ್ಲಿಂದಲೇ ತಲೆ ಹೊರಳಿಸಿದಳು.

"ಜೋರಾಗಿ ಹೇಳಿ ಅಕ್ಕಾ. ಬರ್ಕೊಳ್ಳೋ ಅಣ್ಣ ಹೊರಗಿದ್ದಾರೆ, ಅವರಿಗೂ ಕೇಳಬೇಕಲ್ಲ."

ಜೋರಾಗಿಯೇ ಹೇಳಿದೆ.